ಅದೇ ಔಷಧಿ, ಅದೇ ಹೊಗೆ: ಗಂಡಿನ ಮೈಗೊಂದು ಪೆಟ್ಟು, ಹೆಣ್ಣಿನ ಮೈಗೊಂದು

ಮಲೆನಾಡಿನ ತೋಟ-ಗದ್ದೆಗಳಲ್ಲಿ ಯಾರ ಕೆಲಸ ಯಾವುದು ಅನ್ನುವುದು ಮೊದಲಿಂದಲೂ ಹಂಚಿಹೋಗಿದೆ. ಅಡಿಕೆ ಮರ ಹತ್ತುವವನು ಗಂಡಸು. ಭತ್ತಕ್ಕೆ, ಶುಂಠಿಗೆ ಪಂಪು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವವನೂ ಹೆಚ್ಚಾಗಿ ಗಂಡಸೇ. ಪಂಪಿಗೆ ನೀರು ತಂದುಕೊಡುವುದು, ಒಂದೆರಡು ದಿನ ಬಿಟ್ಟು ಅದೇ ಗದ್ದೆಗೆ ಇಳಿದು ಬಗ್ಗಿ ಕಳೆ ಕೀಳುವುದು, ಔಷಧಿ ಹೊಡೆದ ಅಂಗಿ-ಲುಂಗಿ ಒಗೆಯುವುದು ಹೆಂಗಸರ ಪಾಲು. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲ ಒಲೆ ಇನ್ನೂ ಕಟ್ಟಿಗೆಯದ್ದೇ. ಅಡಿಕೆ ಬೇಯಿಸುವ ಒಲೆಯೂ ಅಷ್ಟೇ. ಅದರ ಹೊಗೆಯಲ್ಲೂ ಹೆಂಗಸರ ಪಾಲು ಜಾಸ್ತಿ.

ಅಂದರೆ ವಿಷ ಇಬ್ಬರ ಮೈಗೂ ಹೋಗುತ್ತದೆ, ಬೇರೆ ಬೇರೆ ದಾರಿಯಲ್ಲಿ. ಇದು ನಮ್ಮ ಕಣ್ಣಿಗೆ ಕಾಣುವ ವಿಷಯ. ಕಾಣದ್ದು ಇನ್ನೊಂದಿದೆ. ಒಂದೇ ರಾಸಾಯನಿಕ ಒಂದೇ ಪ್ರಮಾಣದಲ್ಲಿ ಇಬ್ಬರ ಮೈಗೆ ಸೇರಿದರೂ ಒಳಗೆ ಆಗುವ ಪೆಟ್ಟು ಒಂದೇ ಥರ ಇರುವುದಿಲ್ಲ. ಪೆಟ್ಟು ಬೀಳುವ ಜಾಗ ಬೇರೆ, ಬೀಳುವ ವಯಸ್ಸು ಬೇರೆ, ಮಕ್ಕಳಿಗೆ ದಾಟುವ ಬಗೆಯೂ ಬೇರೆ. ಹಾಗಾಗಿ ಒಂದು ರಾಸಾಯನಿಕ ಅಪಾಯವೋ ಅಲ್ಲವೋ ಅಂತ ಕೇಳುವಾಗ ಎಷ್ಟು ಮಿಲಿ ಅಂತ ಕೇಳಿದರೆ ಸಾಲದು. ಯಾರ ಮೈಗೆ, ಯಾವ ವಯಸ್ಸಿನಲ್ಲಿ ಅಂತಲೂ ಕೇಳಬೇಕು. ಯಾಕೆ ಹೀಗೆ ಅನ್ನುವುದನ್ನು ಬಿಡಿಸಿ ಹೇಳಲು ಇಲ್ಲಿ ಪ್ರಯತ್ನಿಸುತ್ತೇನೆ.

ಪೆಟ್ಟು ಅಂದರೆ ಏನು?

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ 46 ಕ್ರೋಮೋಸೋಮ್‌ಗಳಿವೆ. ಒಂದೊಂದರಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆ ಸುತ್ತಿಕೊಂಡಿರುತ್ತದೆ. ಮೈ ಹೇಗೆ ನಡೆಯಬೇಕು ಅನ್ನುವ ಸೂಚನೆಗಳು, ಅಂದರೆ ಜೀನ್‌ಗಳು, ಇರುವುದು ಈ ಎಳೆಯಲ್ಲಿ.

ಮೊದಲ ಬಗೆಯ ಪೆಟ್ಟು ನೇರವಾಗಿ ಈ ಎಳೆಗೇ ಬೀಳುವಂಥದ್ದು. ಕಟ್ಟಿಗೆ ಹೊಗೆಯಲ್ಲಿ, ಬೀಡಿ-ಸಿಗರೇಟಿನ ಹೊಗೆಯಲ್ಲಿ ಬೆಂಜೊಪೈರೀನ್ ಅನ್ನುವ ರಾಸಾಯನಿಕ ಇದೆ. ಅದು ಒಳಗೆ ಹೋದ ಕೂಡಲೇ ನಮ್ಮ ಮೈ ಅದನ್ನು ಹೊರಗೆ ಹಾಕುವ ಸಲುವಾಗಿ ಅದರ ರೂಪ ಬದಲಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ರೂಪ ಬದಲಿಸಿದ ಆ ವಸ್ತು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮುಂದೆ ಜೀವಕೋಶ ಒಡೆದು ಎರಡಾಗುವಾಗ ಅಂಟಿಕೊಂಡ ಜಾಗದಲ್ಲಿ ನಕಲು ತಪ್ಪುತ್ತದೆ. ಆ ತಪ್ಪು ಕಾಯಂ ಆಗಿ ಉಳಿದರೆ ಅದು ಮ್ಯುಟೇಶನ್. ಬೇರೆ ಕೆಲವು ರಾಸಾಯನಿಕಗಳು ಎಳೆಯನ್ನೇ ತುಂಡು ಮಾಡುತ್ತವೆ. ಕ್ಯಾಡ್ಮಿಯಂ ಥರದ ಲೋಹಗಳು ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್‌ಗಳನ್ನೇ ಕೆಲಸ ಮಾಡದಂತೆ ತಡೆಯುತ್ತವೆ.

ಎರಡನೆಯದು ಎಪಿಜೆನೆಟಿಕ್ ಪೆಟ್ಟು. ಇಲ್ಲಿ ಎಳೆಗೆ ಏನೂ ಆಗಿರುವುದಿಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವ ಏರ್ಪಾಡು ಕೆಡುತ್ತದೆ. ಗದ್ದೆಯ ಬದುವಿನಲ್ಲಿ ನೀರಿಗೆ ಕಂಡಿ ಬಿಡುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಕಂಡಿಗೆ ಒಂದು ಹೆಂಟೆ ಮಣ್ಣು ಒತ್ತಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ಗದ್ದೆ ಅದೇ, ಬಿತ್ತಿದ ಬೀಜವೂ ಅದೇ, ಆದರೆ ಬೆಳೆ ಬೇರೆಯಾಗುತ್ತದೆ. ಡಿಎನ್‌ಎ ಮೇಲೆ ಈ ಮಣ್ಣಿನ ಹೆಂಟೆಯ ಕೆಲಸ ಮಾಡುವುದು ಮಿಥೈಲ್ ಎಂಬ ಸಣ್ಣ ತುಣುಕು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅದು ಕೂತ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಕೂರಬೇಕಾದ ಕಡೆ ಕೂರದಿದ್ದರೂ ತೊಂದರೆ, ಕೂರಬಾರದ ಕಡೆ ಕೂತರೂ ತೊಂದರೆ.

ಈ ಎಪಿಜೆನೆಟಿಕ್ ಗುರುತುಗಳು ಎಷ್ಟು ಕಾಲ ಉಳಿಯಬಹುದು ಅನ್ನುವುದಕ್ಕೆ ಗಟ್ಟಿ ಉದಾಹರಣೆ ಒಂದಿದೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಯುದ್ಧದಿಂದಾಗಿ ದೊಡ್ಡ ಬರ ಬಂತು. ಆಗಷ್ಟೇ ಬಸುರಿಯಾಗಿದ್ದ ಹೆಂಗಸರ ಮಕ್ಕಳ ರಕ್ತವನ್ನು ಸುಮಾರು 60 ವರ್ಷದ ನಂತರ ಪರೀಕ್ಷೆ ಮಾಡಿದರು. ಬೆಳವಣಿಗೆಗೆ ಬೇಕಾದ ಒಂದು ಜೀನ್ ಮೇಲೆ ಮಿಥೈಲ್ ಪ್ರಮಾಣ, ಅದೇ ಮನೆಯ ಬೇರೆ ಮಕ್ಕಳಿಗಿಂತ ಕಡಿಮೆ ಇತ್ತು. ಅಲ್ಲಿ ಕಾರಣ ಹಸಿವು, ರಾಸಾಯನಿಕ ಅಲ್ಲ. ಆದರೆ ಹೊಟ್ಟೆಯಲ್ಲಿದ್ದಾಗ ಬಿದ್ದ ಗುರುತು ಮುದಿ ವಯಸ್ಸಿನವರೆಗೂ ಉಳಿಯಬಲ್ಲದು ಅಂತ ಅದರಿಂದ ಗೊತ್ತಾಯಿತು.

ಅಂಡ ಮತ್ತು ವೀರ್ಯಾಣು

ಗಂಡು-ಹೆಣ್ಣಿನ ನಡುವಿನ ಅತಿ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಹೆಣ್ಣುಮಗುವಿನ ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ತಾಯಿಯ ಹೊಟ್ಟೆಯಲ್ಲಿ 20 ವಾರ ತುಂಬುವ ಹೊತ್ತಿಗೆ ಆ ಪುಟ್ಟ ಅಂಡಾಶಯದಲ್ಲಿ 60–70 ಲಕ್ಷ ಅಂಡಕೋಶಗಳಿರುತ್ತವೆ. ಅಲ್ಲಿಂದ ಮುಂದೆ ಲೆಕ್ಕ ಇಳಿಯುವುದೇ ಹೊರತು ಏರುವುದಿಲ್ಲ. ಹುಟ್ಟುವಾಗ 10–20 ಲಕ್ಷ. ಮೈನೆರೆಯುವ ಹೊತ್ತಿಗೆ 3–4 ಲಕ್ಷ. ಇಡೀ ಆಯಸ್ಸಿನಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ. ಉಳಿದವು ಸಾಯುತ್ತವೆ. ಕಾಯುತ್ತಿರುವ ಅಂಡಗಳು ವಿಭಜನೆಯ ಅರ್ಧ ದಾರಿಯಲ್ಲಿ ನಿಂತಿರುತ್ತವೆ. ಹದಿನೈದು ವರ್ಷ, ಮೂವತ್ತು ವರ್ಷ, ಕೆಲವು ನಲವತ್ತು ವರ್ಷ ಹಾಗೇ ನಿಂತಿರುತ್ತವೆ. ಅಷ್ಟು ವರ್ಷವೂ ಆ ಹೆಂಗಸಿನ ಮೈಗೆ ಸೇರಿದ್ದೆಲ್ಲ ಅವಕ್ಕೂ ತಾಗುವ ಸಾಧ್ಯತೆ ಇದೆ.

ಇದರ ಅರ್ಥ ಏನು ನೋಡಿ. ಒಬ್ಬ ಹೆಂಗಸು ಬಸುರಿಯಾಗಿದ್ದಾಳೆ, ಹೊಟ್ಟೆಯಲ್ಲಿರುವುದು ಹೆಣ್ಣುಮಗು. ಆಗ ಒಂದೇ ಮೈಯಲ್ಲಿ ಮೂರು ತಲೆಮಾರು ಇರುತ್ತದೆ: ಅವಳು, ಅವಳ ಮಗಳು, ಆ ಮಗಳ ಅಂಡದ ರೂಪದಲ್ಲಿ ಮುಂದಿನ ಮೊಮ್ಮಗು. ಅಜ್ಜಿ ಬಸುರಿಯಾಗಿದ್ದಾಗ ಉಸಿರಾಡಿದ ಹೊಗೆ, ನಾವು ಮುಂದೆ ಯಾವ ಅಂಡದಿಂದ ಹುಟ್ಟಿದೆವೋ ಅದು ರೂಪುಗೊಳ್ಳುತ್ತಿದ್ದ ಕಾಲದ್ದು. ಈ ಮಾತು ಮೊದಲ ಸಲ ಅರ್ಥವಾದಾಗ ನನಗೆ ನಮ್ಮ ಹಳೆಯ ಅಡುಗೆಮನೆಗಳ ಕಪ್ಪು ಮಾಡು ಬೇರೆಯೇ ಥರ ಕಾಣತೊಡಗಿತು.

ಗಂಡಿನ ಕತೆ ಪೂರ್ತಿ ಉಲ್ಟಾ. ವೀರ್ಯಾಣು ತಯಾರಾಗುವುದು ಮೀಸೆ ಬರುವ ವಯಸ್ಸಿನಿಂದ. ಆಮೇಲೆ ನಿಲ್ಲುವುದಿಲ್ಲ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಇನ್ನೂ ಒಂದೆರಡು ವಾರ. ಅಂದರೆ ಇವತ್ತಿನ ವೀರ್ಯಾಣು ಸುಮಾರು ಮೂರು ತಿಂಗಳ ಹಿಂದಿನಿಂದ ತಯಾರಾದದ್ದು. ಇದರ ಮೂಲಕೋಶಗಳು ಒಡೆಯುತ್ತಲೇ ಇರುತ್ತವೆ. ಒಡೆದಾಗಲೆಲ್ಲ ಡಿಎನ್‌ಎ ನಕಲಾಗಬೇಕು, ನಕಲಾದಾಗಲೆಲ್ಲ ತಪ್ಪಿಗೆ ಅವಕಾಶ. 2012ರಲ್ಲಿ ಐಸ್‌ಲ್ಯಾಂಡಿನ ಕುಟುಂಬಗಳ ಡಿಎನ್‌ಎ ಓದಿದಾಗ ಲೆಕ್ಕ ಸಿಕ್ಕಿತು. ತಂದೆಯ ವಯಸ್ಸು ಒಂದು ವರ್ಷ ಜಾಸ್ತಿಯಾದರೆ ಮಗುವಿನಲ್ಲಿ ಸುಮಾರು 2 ಹೊಸ ಮ್ಯುಟೇಶನ್ ಜಾಸ್ತಿ. ಮಗುವಿನಲ್ಲಿ ಹೊಸದಾಗಿ ಕಾಣಿಸುವ ಇಂಥ ಸಣ್ಣ ಬದಲಾವಣೆಗಳಲ್ಲಿ ಬಹುಪಾಲು ತಂದೆಯ ಕಡೆಯಿಂದಲೇ ಬರುತ್ತವೆ.

ಇನ್ನೊಂದು ದೌರ್ಬಲ್ಯವೂ ವೀರ್ಯಾಣುವಿಗೆ ಇದೆ. ಕೊನೆಯ ಹಂತದಲ್ಲಿ ಅದರ ಡಿಎನ್‌ಎಯನ್ನು ತುಂಬಾ ಒತ್ತಾಗಿ ಮಡಚಿ ಕಟ್ಟಲಾಗುತ್ತದೆ. ಆಗ ರಿಪೇರಿ ಕೆಲಸ ನಿಂತುಹೋಗುತ್ತದೆ. ಆ ಹೊತ್ತಿಗೆ ಬಿದ್ದ ಪೆಟ್ಟನ್ನು ವೀರ್ಯಾಣು ಸರಿಮಾಡಿಕೊಳ್ಳಲಾರದು. ಅಂಡದ ಜೊತೆ ಸೇರಿದ ಮೇಲೆ ಅಂಡವೇ ತನ್ನಲ್ಲಿರುವ ಪ್ರೋಟೀನ್‌ಗಳಿಂದ ಅದನ್ನು ರಿಪೇರಿ ಮಾಡಲು ನೋಡುತ್ತದೆ. ಎಷ್ಟು ಸಾಧ್ಯವೋ ಅಷ್ಟು.

ಹಾಗಾಗಿ ಪೆಟ್ಟಿನ ಬಗೆಯೂ ಬೇರೆ. ವೀರ್ಯಾಣುವಿಗೆ ಹೆಚ್ಚಾಗಿ ಆಗುವುದು ನಕಲಿನ ತಪ್ಪು, ಎಳೆ ತುಂಡಾಗುವುದು, ಎಣಿಕೆ ಕುಸಿಯುವುದು. ಅಂಡಕ್ಕೆ ಹೆಚ್ಚಾಗಿ ಆಗುವುದು ಕ್ರೋಮೋಸೋಮ್ ಹಂಚಿಕೆಯಲ್ಲಿ ಏರುಪೇರು, ಇಲ್ಲವೇ ಅಂಡವೇ ಸಾಯುವುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಒಂದು ಹೆಚ್ಚುವರಿ ಕ್ರೋಮೋಸೋಮ್ ಬಂದಿರುವುದು ಅಂಡದ ಕಡೆಯಿಂದ. ಇದನ್ನು ತಾಯಿಯ ತಪ್ಪು ಅಂತ ದಯವಿಟ್ಟು ಯಾರೂ ಓದಬೇಡಿ. ಅಷ್ಟು ವರ್ಷ ಕಾದು ನಿಂತ ಕೋಶದಲ್ಲಿ ಹಿಡಿತ ಸಡಿಲವಾಗುತ್ತದೆ, ಅಷ್ಟೇ.

ಎರಡು ಘಟನೆಗಳು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ.

ಒಂದು 1977ರದ್ದು, ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಅನ್ನುವ ಊರಿನದು. ಮಣ್ಣಿನಲ್ಲಿರುವ ಜಂತುಹುಳ ಕೊಲ್ಲುವ ಡಿಬಿಸಿಪಿ ಎಂಬ ಔಷಧಿ ಅಲ್ಲಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡಾಗ ಯಾರಿಗೂ ಇತ್ತೀಚೆಗೆ ಮಕ್ಕಳಾಗಿಲ್ಲ ಅನ್ನುವುದು ಹೊಳೆಯಿತು. ಪರೀಕ್ಷೆ ಮಾಡಿಸಿದರೆ ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಆ ಗಂಡಸರು ನೋಡಲು ಗಟ್ಟಿಯಾಗಿಯೇ ಇದ್ದರು, ಬೇರೆ ಕಾಯಿಲೆ ಕಾಣುತ್ತಿರಲಿಲ್ಲ. 1979ರಲ್ಲಿ ಅಮೆರಿಕ ಆ ಔಷಧಿಯ ಬಳಕೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಆ ಔಷಧಿ ಮೈಗೆ ತಾಗುವುದು ನಿಂತ ಮೇಲೆ ಕೆಲವರಲ್ಲಿ ವೀರ್ಯಾಣು ಮತ್ತೆ ಬಂತು, ಮೂಲಕೋಶಗಳೇ ಸತ್ತಿದ್ದವರಲ್ಲಿ ಬರಲಿಲ್ಲ. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಮಕ್ಕಳಾಗದಿದ್ದರೆ ಮೊದಲು ಆಸ್ಪತ್ರೆ ಹತ್ತಿಸುವುದು ಹೆಂಡತಿಯನ್ನು. ಹರಕೆ ಹೊರುವವಳೂ ಅವಳೇ, ಮಾತು ಕೇಳುವವಳೂ ಅವಳೇ. ಬೆನ್ನಿಗೆ ಪಂಪು ಕಟ್ಟಿಕೊಂಡವನ ಪರೀಕ್ಷೆ ವರ್ಷಗಟ್ಟಲೆ ಮುಂದೆ ಹೋಗುತ್ತದೆ. ಇದು ಅನ್ಯಾಯ ಮಾತ್ರ ಅಲ್ಲ, ವಿಜ್ಞಾನದ ದೃಷ್ಟಿಯಿಂದಲೂ ತಪ್ಪು.

ಇನ್ನೊಂದು 1998ರದ್ದು. ಅಮೆರಿಕದ ವಿಜ್ಞಾನಿ ಪೆಟ್ರೀಶಿಯಾ ಹಂಟ್ ಇಲಿಗಳ ಅಂಡದ ಮೇಲೆ ಅಧ್ಯಯನ ಮಾಡುತ್ತಿದ್ದರು. ಒಮ್ಮೆಲೇ ಲೆಕ್ಕ ಕೆಟ್ಟಿತು. ಸಾಮಾನ್ಯವಾಗಿ ನೂರರಲ್ಲಿ ಒಂದೆರಡು ಅಂಡಗಳಲ್ಲಿ ಮಾತ್ರ ಕ್ರೋಮೋಸೋಮ್‌ಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದವು. ಈಗ ಅದು 40ರ ಆಸುಪಾಸಿಗೆ ಏರಿತ್ತು. ಹುಡುಕಿದಾಗ ಕಾರಣ ಸಿಕ್ಕಿದ್ದು ಪಂಜರದಲ್ಲಿ. ಯಾರೋ ಬೇರೆ ಸೋಪಿನ ದ್ರಾವಣದಲ್ಲಿ ಪ್ಲಾಸ್ಟಿಕ್ ಪಂಜರಗಳನ್ನು ತೊಳೆದಿದ್ದರು. ಪಂಜರದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಕರಗಿ ಅದರಿಂದ ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಹೊರಬಂದಿತ್ತು. 2003ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆಮೇಲೆ ಗಬ್ಬದ ಇಲಿಗಳಿಗೆ ಅದೇ ರಾಸಾಯನಿಕ ಕೊಟ್ಟು ನೋಡಿದಾಗ ಹೊಟ್ಟೆಯಲ್ಲಿದ್ದ ಹೆಣ್ಣುಮರಿಗಳ ಅಂಡಗಳಲ್ಲೇ ತೊಂದರೆ ಕಾಣಿಸಿತು. ಮೂರು ತಲೆಮಾರು ಅಂತ ಮೇಲೆ ಹೇಳಿದೆನಲ್ಲ, ಅದೇ.

ಹೊಗೆಯ ವಿಷಯಕ್ಕೆ ಬಂದರೆ, ಬೆಂಜೊಪೈರೀನ್ ಗುಂಪಿನ ರಾಸಾಯನಿಕಗಳು ಇಲಿಗಳ ಅಂಡಕೋಶಗಳನ್ನು ಕೊಲ್ಲುತ್ತವೆ ಅಂತ ಸಾಬೀತಾಗಿದೆ. ಸಿಗರೇಟು ಸೇದುವ ಹೆಂಗಸರಿಗೆ ಮುಟ್ಟು ನಿಲ್ಲುವುದು ಉಳಿದವರಿಗಿಂತ ಒಂದೆರಡು ವರ್ಷ ಬೇಗ. ಕಟ್ಟಿಗೆ ಹೊಗೆಯಲ್ಲೂ ಇರುವುದು ಇದೇ ಗುಂಪಿನ ವಸ್ತುಗಳು.

ಯಾವ ವಯಸ್ಸಿನಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆ

ಎಪಿಜೆನೆಟಿಕ್ ಗುರುತುಗಳನ್ನು ಮೈ ಹೆಚ್ಚುಕಡಿಮೆ ಪೂರ್ತಿ ಅಳಿಸಿ ಮತ್ತೆ ಬರೆಯುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಬೀಜಕೋಶಗಳಲ್ಲಿ, ಅಂದರೆ ಮುಂದೆ ಅಂಡ ಇಲ್ಲವೇ ವೀರ್ಯಾಣು ಆಗುವ ಕೋಶಗಳಲ್ಲಿ, ಈ ಕೆಲಸ ನಡೆಯುತ್ತದೆ. ಅಳಿಸುವುದು ಇಬ್ಬರಲ್ಲೂ ಹೊಟ್ಟೆಯೊಳಗೇ. ಆದರೆ ಹೊಸದಾಗಿ ಬರೆಯುವ ಕಾಲ ಬೇರೆ. ಗಂಡುಮಗುವಿನಲ್ಲಿ ಹುಟ್ಟುವ ಮೊದಲೇ ಬಹುಪಾಲು ಬರೆದು ಮುಗಿಯುತ್ತದೆ. ಹೆಣ್ಣಿನಲ್ಲಿ ಹುಟ್ಟಿದ ಮೇಲೆ, ಒಂದೊಂದು ಅಂಡ ಬಲಿಯುವಾಗ ಬರೆಯಲಾಗುತ್ತದೆ. ಹೀಗಾಗಿ ಅದೇ ರಾಸಾಯನಿಕ ಬಸುರಿನ ಕಾಲದಲ್ಲಿ ಬಂದರೆ ಗಂಡುಮಗುವಿನ ಈ ಬರವಣಿಗೆಗೆ ಅಡ್ಡ ಬರಬಹುದು, ಇಪ್ಪತ್ತರ ವಯಸ್ಸಿನಲ್ಲಿ ಬಂದರೆ ಹೆಣ್ಣಿನದಕ್ಕೆ.

ಗಂಡುಮಗುವಿಗೆ ಇನ್ನೊಂದು ನಾಜೂಕಿನ ಕಾಲವೂ ಇದೆ. ಬಸುರಿನ ಸುಮಾರು 8ರಿಂದ 14ನೇ ವಾರ. ಆಗ ಮಗುವಿನ ಸ್ವಂತ ಟೆಸ್ಟೋಸ್ಟೆರಾನ್ ಗಂಡಿನ ಅಂಗಗಳನ್ನು ರೂಪಿಸುತ್ತಿರುತ್ತದೆ. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಕೆಲವು ಥಾಲೇಟ್‌ಗಳು, ಕೆಲವು ಶಿಲೀಂಧ್ರನಾಶಕಗಳು ಈ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತವೆ. ಎಷ್ಟೋ ಸಲ ಆ ವಾರಗಳಲ್ಲಿ ಬಸುರಿನ ವಿಷಯ ಮನೆಯವರಿಗೂ ಹೇಳಿರುವುದಿಲ್ಲ, ಅವಳು ಗದ್ದೆ ಕೆಲಸಕ್ಕೆ ಹೋಗುತ್ತಲೇ ಇರುತ್ತಾಳೆ.

ಹೆಣ್ಣುಮಕ್ಕಳ ಮೇಲೆ ಆದ ಅನಾಹುತದ ದೊಡ್ಡ ಉದಾಹರಣೆ ಡಿಇಎಸ್ ಎಂಬ ಮಾತ್ರೆ. ಬಸುರು ನಿಲ್ಲಲಿ ಅಂತ 1940ರ ದಶಕದಿಂದ ಅಮೆರಿಕದಲ್ಲಿ ಕೊಡುತ್ತಿದ್ದ ಕೃತಕ ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನ್, ಅದು. ನುಂಗಿದ ತಾಯಂದಿರಿಗೆ ಕೂಡಲೇ ಏನೂ ಕಾಣಲಿಲ್ಲ. 1971ರಲ್ಲಿ ಬಾಸ್ಟನ್‌ನ ವೈದ್ಯರು, ಹದಿಹರೆಯದ ಹುಡುಗಿಯರಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಂಡು ಹಿಂದಕ್ಕೆ ಹುಡುಕಿದಾಗ ಈ ಮಾತ್ರೆ ಸಿಕ್ಕಿತು. ಅದೇ ತಾಯಂದಿರ ಗಂಡುಮಕ್ಕಳಿಗೆ ಆ ಕ್ಯಾನ್ಸರ್ ಬರುವ ಪ್ರಶ್ನೆ ಇರಲಿಲ್ಲ. ಅವರಲ್ಲಿ ವೃಷಣ ಇಳಿಯದಿರುವುದು, ವೀರ್ಯನಾಳದ ಬಳಿ ಗಂಟು ಇಂಥವು ಕಂಡವು. ಒಂದೇ ಮಾತ್ರೆ, ಎರಡು ಥರದ ಫಲ.

ಮತ್ತೆ ಸೆವೆಸೊ. ಇದನ್ನು ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕವರ್ ಹಾಕಿ ಬೆಂಕಿ ಹಚ್ಚುವ ಎಲ್ಲರೂ ಓದಬೇಕು. 1976ರ ಜುಲೈ 10ರಂದು ಇಟಲಿಯ ಸೆವೆಸೊ ಊರಿನ ಹತ್ತಿರದ ಕಾರ್ಖಾನೆಯಿಂದ ಡಯಾಕ್ಸಿನ್ ಎಂಬ ವಿಷದ ಮೋಡ ಹೊರಬಂತು. ಆ ಜನರನ್ನು ಸಂಶೋಧಕರು ದಶಕಗಟ್ಟಲೆ ಗಮನಿಸಿದ್ದಾರೆ. ಅಪಘಾತದ ಹೊತ್ತಿಗೆ 19 ವರ್ಷದೊಳಗಿದ್ದ ಹುಡುಗರು ಮುಂದೆ ತಂದೆಯಾದಾಗ ಅವರಿಗೆ ಹುಟ್ಟಿದ ಮಕ್ಕಳಲ್ಲಿ ಗಂಡು ಕಡಿಮೆ, ಹೆಣ್ಣು ಜಾಸ್ತಿ. ತಾಯಂದಿರ ಮೈಯಲ್ಲಿದ್ದ ಡಯಾಕ್ಸಿನ್ ಈ ಲೆಕ್ಕವನ್ನು ಬದಲಿಸಲಿಲ್ಲ. ಹತ್ತು ವರ್ಷದೊಳಗೆ ಡಯಾಕ್ಸಿನ್ ತಾಗಿದ್ದ ಹುಡುಗರ ವೀರ್ಯಾಣು ಎಣಿಕೆ ದೊಡ್ಡವರಾದ ಮೇಲೆ ಕಡಿಮೆ ಇತ್ತು. ವಯಸ್ಕರಾಗಿದ್ದಾಗ ತಾಗಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹೆಂಗಸರಲ್ಲಿ ರಕ್ತದಲ್ಲಿ ಡಯಾಕ್ಸಿನ್ ಜಾಸ್ತಿ ಇದ್ದಷ್ಟೂ ಸ್ತನ ಕ್ಯಾನ್ಸರ್ ಜಾಸ್ತಿ ಅಂತ ಮೊದಲ ಅಧ್ಯಯನದಲ್ಲಿ ಕಂಡಿತು, ಮುಂದಿನ ಅಧ್ಯಯನದಲ್ಲಿ ಆ ನಂಟು ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ನಮ್ಮ ಬಚ್ಚಲ ಒಲೆಯಲ್ಲಿ ಪಿವಿಸಿ ಪೈಪಿನ ಚೂರು, ಅಂಥ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಸೆವೆಸೊದಷ್ಟು ಖಂಡಿತ ಅಲ್ಲ, ಆದರೆ ಇದು ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಸ್ತು.

ಎಕ್ಸ್ ಕಳೆದುಕೊಳ್ಳುವವರು, ವೈ ಕಳೆದುಕೊಳ್ಳುವವರು

ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಇದು ಶಾಲೆಯಲ್ಲೇ ಓದಿದ್ದು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಬಹುಮಟ್ಟಿಗೆ ಸುಮ್ಮನಿರುತ್ತದೆ ಅಂತ 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್ ಹೇಳಿದರು. ಯಾವ ಎಕ್ಸ್ ಸುಮ್ಮನಾಗುತ್ತದೆ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಒಂದು ಎಕ್ಸ್‌ನಲ್ಲಿ ಪೆಟ್ಟಾದರೂ ಉಳಿದ ಕೋಶಗಳಲ್ಲಿ ಇನ್ನೊಂದು ಎಕ್ಸ್ ಕೆಲಸ ಮಾಡುತ್ತಿರುತ್ತದೆ. ಗಂಡಿಗೆ ಆ ಆಸರೆ ಇಲ್ಲ. ಆದರೆ ಆ ಸುಮ್ಮನಿರುವ ಎಕ್ಸ್ ಪೂರ್ತಿಯಾಗಿ ಎಪಿಜೆನೆಟಿಕ್ ಗುರುತುಗಳ ಹಿಡಿತದಲ್ಲೇ ನಿಂತಿದೆ. ಆ ಹಿಡಿತ ಸಡಿಲವಾದರೆ ಹೆಣ್ಣಿಗೆ ಮಾತ್ರ ಬರುವ ತೊಂದರೆ ಅದು.

ಎಕ್ಸ್, ವೈ ಕಳೆದುಹೋಗುವ ಈ ವ್ಯತ್ಯಾಸ ರಕ್ತದ ಪರೀಕ್ಷೆಯಲ್ಲಿ ಕಣ್ಣಿಗೇ ಕಾಣುತ್ತದೆ. ಕೋಶ ಒಡೆಯುವಾಗ ಹಿಂದೆ ಉಳಿದ ಕ್ರೋಮೋಸೋಮ್ ಪುಟ್ಟ ಚುಕ್ಕೆಯಾಗಿ ಬೇರೆ ಕೂರುತ್ತದೆ, ಅದಕ್ಕೆ ಮೈಕ್ರೋನ್ಯೂಕ್ಲಿಯಸ್ ಅನ್ನುತ್ತಾರೆ. ಕೀಟನಾಶಕ ಹೊಡೆಯುವವರ ಡಿಎನ್‌ಎ ಪೆಟ್ಟು ಅಳೆಯಲು ಜಗತ್ತಿನಾದ್ಯಂತ ಬಳಸುವ ಪರೀಕ್ಷೆ ಇದು. ಸಾಮಾನ್ಯವಾಗಿ ಹೆಂಗಸರಲ್ಲಿ ಈ ಚುಕ್ಕೆಗಳು ಗಂಡಸರಿಗಿಂತ ಜಾಸ್ತಿ, ವಯಸ್ಸಾದಂತೆ ಇನ್ನೂ ಜಾಸ್ತಿ. ಕಾರಣಗಳಲ್ಲಿ ಮುಖ್ಯವಾದದ್ದು ಎಕ್ಸ್ ಹಿಂದುಳಿಯುವುದು. ಗಂಡಸರಲ್ಲಿ ವಯಸ್ಸಾದಂತೆ ರಕ್ತಕೋಶಗಳಿಂದ ವೈ ಕ್ರೋಮೋಸೋಮೇ ಕಳೆದುಹೋಗುತ್ತದೆ. ಬೀಡಿ-ಸಿಗರೇಟು ಸೇದುವವರಲ್ಲಿ ಈ ನಷ್ಟ ಜಾಸ್ತಿ, ಬಿಟ್ಟವರಲ್ಲಿ ಕಡಿಮೆ ಅಂತ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಗಂಡು-ಹೆಣ್ಣನ್ನು ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

ರಕ್ತ ಕಡಿಮೆ ಇದ್ದರೆ ಕ್ಯಾಡ್ಮಿಯಂ ಜಾಸ್ತಿ

ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಜಿಂಜು ಅನ್ನುವ ನದಿ ಇದೆ. ಮೇಲಿನ ಗಣಿಯಿಂದ ಕ್ಯಾಡ್ಮಿಯಂ ನದಿಗೆ, ಅಲ್ಲಿಂದ ಭತ್ತದ ಗದ್ದೆಗೆ, ಅಲ್ಲಿಂದ ಅನ್ನಕ್ಕೆ ಬಂತು. ಎಲ್ಲರೂ ಉಂಡಿದ್ದು ಒಂದೇ ಅನ್ನ. ಆದರೆ ಮೂಳೆ ಮೆತ್ತಗಾಗಿ ಮುರಿಯುವ ಆ ಭಯಂಕರ ಕಾಯಿಲೆ, ಇತಾಯಿ-ಇತಾಯಿ, ಬಂದಿದ್ದು ಹೆಚ್ಚುಕಡಿಮೆ ಪೂರ್ತಿ ಹೆಂಗಸರಿಗೆ. ಅದೂ ಹಲವು ಮಕ್ಕಳನ್ನು ಹೆತ್ತು ಮುಟ್ಟು ನಿಂತ ವಯಸ್ಸಿನವರಿಗೆ. 1968ರಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯದ ಕಾಯಿಲೆ ಅಂತ ಒಪ್ಪಿಕೊಂಡಿತು.

ಕಾರಣ ಹೀಗಿದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನ್ ಒಂದಿದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಅದು ಜಾಸ್ತಿಯಾಗುತ್ತದೆ. ಅದಕ್ಕೆ ಕಬ್ಬಿಣ, ಕ್ಯಾಡ್ಮಿಯಂ ಅಂತ ಭೇದವಿಲ್ಲ, ಎರಡನ್ನೂ ಎಳೆಯುತ್ತದೆ. ತಿಂಗಳ ಮುಟ್ಟು, ಬಸುರು, ಬಾಣಂತನ ಎಲ್ಲದರಲ್ಲೂ ಕಬ್ಬಿಣ ಕಳೆದುಕೊಳ್ಳುವವಳು ಹೆಣ್ಣು. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57%ಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮಲ್ಲಿ ಜಿಂಜುವಿನಂಥ ಗಣಿ ನೀರು ಗದ್ದೆಗೆ ಬರುತ್ತಿಲ್ಲ. ಆದರೆ ಫಾಸ್ಫೇಟ್ ಗೊಬ್ಬರದಲ್ಲಿ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ, ತಂಬಾಕಿನಲ್ಲೂ ಇರುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿ ಹಾಗೇ ಇಡುವ ಮನೆಗಳು ಇದನ್ನು ತಿಳಿದಿದ್ದರೆ ಒಳ್ಳೆಯದು.

ಎಲ್ಲ ಲೋಹವೂ ಹೆಣ್ಣಿಗೇ ಜಾಸ್ತಿ ಕೆಟ್ಟದ್ದು ಅಂತಲ್ಲ. ಆರ್ಸೆನಿಕ್ ವಿಷಯದಲ್ಲಿ ಉಲ್ಟಾ. ಮೈ ಅದಕ್ಕೆ ಮಿಥೈಲ್ ತುಣುಕು ಅಂಟಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಹೆರುವ ವಯಸ್ಸಿನ ಹೆಂಗಸರ ಮೈ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಈಸ್ಟ್ರೋಜನ್ ಅದಕ್ಕೆ ನೆರವಾಗುತ್ತದೆ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ನೀರು ಕುಡಿದವರಲ್ಲಿ ಚರ್ಮದ ಗಾಯಗಳು ಗಂಡಸರಲ್ಲೇ ಜಾಸ್ತಿ ಕಂಡವು. ಗಮನಿಸಿ, ಇಲ್ಲಿ ಖರ್ಚಾಗುವುದು ಡಿಎನ್‌ಎ ಮೇಲೆ ಗುರುತು ಹಾಕಲು ಬೇಕಾದ ಅದೇ ಮಿಥೈಲ್. ಆರ್ಸೆನಿಕ್ ಎಪಿಜೆನೆಟಿಕ್ ಏರುಪೇರು ಮಾಡಲು ಇದೂ ಒಂದು ದಾರಿ.

ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳು ಹೆಣ್ಣಿನ ಮೈಯಲ್ಲಿ ಜಾಸ್ತಿ ಶೇಖರವಾಗುತ್ತವೆ, ಎದೆಹಾಲಿನಲ್ಲಿ ಒಂದಿಷ್ಟು ಮಗುವಿಗೆ ಹೋಗುತ್ತವೆ. ಹಾಗಂತ ಎದೆಹಾಲು ನಿಲ್ಲಿಸುವ ಮಾತೇ ಇಲ್ಲ, ಅದರಿಂದ ಮಗುವಿಗೆ ಸಿಗುವ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂತಿದ್ದು, ಬಸುರಿನಲ್ಲಿ ಮೂಳೆಯ ಸುಣ್ಣ ಕರಗುವಾಗ ಜೊತೆಗೇ ಹೊರಬರುತ್ತದೆ.

ಡಬ್ಬಿಯ ಮೇಲಿನ ತ್ರಿಕೋನ ಏನು ಹೇಳುವುದಿಲ್ಲ

ಔಷಧಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ನೋಡಿರುತ್ತೀರಿ. ಹಸಿರು ಇದ್ದರೆ ಏನೂ ಆಗಲ್ಲ ಅಂತ ನಮ್ಮಲ್ಲಿ ಬಲವಾದ ನಂಬಿಕೆ. ಆ ಬಣ್ಣ ಹೇಳುವುದು ಒಂದೇ ವಿಷಯ: ಒಂದೇ ಸಲ ಮೈಗೆ ಹೋದರೆ ಎಷ್ಟು ಪ್ರಮಾಣಕ್ಕೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಅನ್ನುವುದು. ಬಾಯಿಂದ ಹೋದಾಗ ಕಿಲೋ ತೂಕಕ್ಕೆ 50 ಮಿಲಿಗ್ರಾಂವರೆಗೆ ಕೆಂಪು, 5000 ದಾಟಿದರೆ ಹಸಿರು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಾಗಿದರೆ ಡಿಎನ್‌ಎಗೆ ಏನು, ಬಸುರಿಗೆ ಏನು, ವೀರ್ಯಾಣುವಿಗೆ ಏನು ಅಂತ ಆ ಬಣ್ಣ ಹೇಳುವುದಿಲ್ಲ. ಹೇಳಲು ಅದನ್ನು ಮಾಡಿಯೂ ಇಲ್ಲ.

ಪ್ರಯೋಗಾಲಯಗಳಲ್ಲೂ ಬಹಳ ಕಾಲ ಗಂಡು ಪ್ರಾಣಿಗಳನ್ನೇ ಜಾಸ್ತಿ ಬಳಸುತ್ತಿದ್ದರು. ಹೆಣ್ಣಿನ ಹಾರ್ಮೋನ್ ಏರಿಳಿತ ಫಲಿತಾಂಶ ಕೆಡಿಸುತ್ತದೆ ಅನ್ನುವುದು ನೆಪ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಸಂಶೋಧನೆಯಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ ನಿಯಮ ಜಾರಿ ಮಾಡಿದ್ದು 2016ರಲ್ಲಿ. ತುಂಬಾ ತಡವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಗಾಬರಿಯೂ ಬೇಡ

ಇಷ್ಟೆಲ್ಲ ಓದಿದ ಮೇಲೆ ಊರಿನ ಪ್ರತಿ ಕಾಯಿಲೆಗೂ ಔಷಧಿಯೇ ಕಾರಣ ಅನ್ನಿಸಬಹುದು. ಅಲ್ಲೂ ಎಚ್ಚರ ಬೇಕು. ನಮ್ಮ ಸಾಗರದ ಹತ್ತಿರದ ಹಂದಿಗೋಡು ಕಾಯಿಲೆ ನೆನಪಿದೆ ಅಲ್ವಾ? 1970ರ ದಶಕದಲ್ಲಿ ಕೀಲುಗಳನ್ನು ತಿನ್ನುವ ಆ ಕಾಯಿಲೆ ಕಂಡಾಗ, ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದಿದ್ದೇ ಕಾರಣ ಇರಬಹುದು ಅಂತ ಅನುಮಾನಪಟ್ಟರು. ಮುಂದೆ ಕುಟುಂಬಗಳ ವಂಶಾವಳಿ ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕಾಯಿಲೆ ಅನ್ನುವ ಕಡೆಗೆ ಸಾಕ್ಷ್ಯ ವಾಲಿತು.

ತಂದೆ-ತಾಯಿಗೆ ಬಿದ್ದ ಪೆಟ್ಟೆಲ್ಲ ಮಕ್ಕಳಿಗೆ ಹೋಗುತ್ತದೆ ಅಂತಲೂ ಇಲ್ಲ. ಚೆರ್ನೋಬಿಲ್ ಅಣುಸ್ಥಾವರ ಅಪಘಾತದ ವಿಕಿರಣಕ್ಕೆ ಸಿಕ್ಕವರಿಗೆ ಆಮೇಲೆ ಹುಟ್ಟಿದ 130 ಮಕ್ಕಳ ಡಿಎನ್‌ಎಯನ್ನು ಪೂರ್ತಿ ಓದಿ 2021ರಲ್ಲಿ ಪ್ರಕಟಿಸಿದರು. ಹೊಸ ಮ್ಯುಟೇಶನ್‌ಗಳು ಜಾಸ್ತಿಯಾಗಿರಲಿಲ್ಲ. ಎಪಿಜೆನೆಟಿಕ್ ಪೆಟ್ಟು ಮರಿಮೊಮ್ಮಕ್ಕಳವರೆಗೆ ದಾಟುತ್ತದೆ ಅಂತ 2005ರಲ್ಲಿ ವಿನ್‌ಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕ ಕೊಟ್ಟ ಇಲಿಗಳಲ್ಲಿ ಅಮೆರಿಕದ ವಿಜ್ಞಾನಿ ಮೈಕಲ್ ಸ್ಕಿನ್ನರ್ ತಂಡ ತೋರಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಅಲ್ಲಿ ಕೊಟ್ಟ ಪ್ರಮಾಣ ತುಂಬಾ ಜಾಸ್ತಿ, ಬೇರೆ ಕೆಲವು ಪ್ರಯೋಗಾಲಯಗಳಿಗೆ ಅದೇ ಫಲಿತಾಂಶ ಸಿಗಲಿಲ್ಲ. ಮೈಗೆ ರಿಪೇರಿ ಮಾಡಿಕೊಳ್ಳುವ ಶಕ್ತಿ ದೊಡ್ಡದಾಗಿಯೇ ಇದೆ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮಗು ಬೇಕು ಅಂದುಕೊಂಡ ಗಂಡಸು ಮೂರು ತಿಂಗಳು ಮೊದಲಿನಿಂದಲೇ ಪಂಪು ಬೇರೆಯವರಿಗೆ ಬಿಡಲಿ, ಬೀಡಿಯನ್ನೂ ಬಿಡಲಿ. ಅಷ್ಟರಲ್ಲಿ ಹೊಸ ವೀರ್ಯಾಣುಗಳು ತಯಾರಾಗುತ್ತವೆ. ಹುಡುಗಿಯರ ವಿಷಯದಲ್ಲಿ ಮೂರು ತಿಂಗಳ ಲೆಕ್ಕ ಸಾಲದು, ಹಾಗಾಗಿ ಚಿಕ್ಕ ಹುಡುಗಿಯರನ್ನೂ ಔಷಧಿ ಹೊಡೆದ ಗದ್ದೆಯಿಂದ, ಹೊಗೆಯಿಂದ ದೂರ ಇಡಬೇಕು. ಔಷಧಿ ಹೊಡೆದವರ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ನೆನೆಹಾಕಬೇಡಿ, ಬಸುರಿಯ ಕೈಗಂತೂ ಕೊಡಲೇಬೇಡಿ. ಹೊಡೆದವರೇ ಗ್ಲೌಸ್ ಹಾಕಿ ಬೇರೆ ಬಕೆಟ್ಟಿನಲ್ಲಿ ಒಗೆಯಲಿ. ಬಚ್ಚಲ ಒಲೆಗೆ ಹೊಗೆ ಕೊಳವೆ ಇಲ್ಲದಿದ್ದರೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

ಮಕ್ಕಳಾಗಲಿಲ್ಲ ಅಂತಲೋ, ಬಸುರು ನಿಲ್ಲಲಿಲ್ಲ ಅಂತಲೋ ವೈದ್ಯರ ಹತ್ತಿರ ಹೋದಾಗ ಗಂಡನೂ ಒಳಗೆ ಹೋಗಿ ತನ್ನ ಕೆಲಸದ ವಿವರ ಹೇಳಬೇಕು. ಯಾವ ಔಷಧಿ, ಎಷ್ಟು ವರ್ಷದಿಂದ, ಕೊನೆಯ ಸಲ ಹೊಡೆದದ್ದು ಯಾವಾಗ. ಹೆಸರು ನೆನಪಿಲ್ಲದಿದ್ದರೆ ಡಬ್ಬಿಯ ಫೋಟೋ ತೆಗೆದುಕೊಂಡು ಹೋದರೆ ಸಾಕು. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ರಾಸಾಯನಿಕದ ಹೆಸರು ಇರುತ್ತದೆ, ವೈದ್ಯರಿಗೆ ಬೇಕಾಗಿರುವುದು ಅದು.